ಪಾಲಾಗುತ್ತಲೇ ಬೆಳೆದ ವಿಶ್ವವಿದ್ಯಾನಿಲಯ: ಮೈಸೂರಿನ ಒಂದು ಪ್ರಕರಣ ಅಧ್ಯಯನ

1960ರ ದಶಕದ ಆರಂಭದಲ್ಲಿ ಮಂಗಳೂರಿನ ಕಾಲೇಜಿನಲ್ಲಿ ಓದಿದವರಿಗೂ ಬೆಂಗಳೂರಿನಲ್ಲಿ ಓದಿದವರಿಗೂ ಶಿವಮೊಗ್ಗದಲ್ಲಿ ಓದಿದವರಿಗೂ ಪದವಿ ಕೊಡುತ್ತಿದ್ದುದು ಒಂದೇ ವಿಶ್ವವಿದ್ಯಾನಿಲಯ, ಮೈಸೂರಿನದು. 2023ರ ಹೊತ್ತಿಗೆ ಅದರ ಕೈಯಲ್ಲಿ ಬಹುಮಟ್ಟಿಗೆ ಉಳಿದದ್ದು ಒಂದು ಜಿಲ್ಲೆ. ನಡುವಿನ ಅರವತ್ತು ವರ್ಷಗಳಲ್ಲಿ ಅದು ಸೊರಗಿ ಕುಸಿಯಿತೇ ಅಂದರೆ ಹಾಗೇನೂ ಇಲ್ಲ. ವಿಭಾಗಗಳು ಹೆಚ್ಚಿದವು, ಕ್ಯಾಂಪಸ್ ಹಿಗ್ಗಿತು, ಶತಮಾನೋತ್ಸವವೂ ಆಯಿತು. ಆದರೆ ತಾನು ಕಟ್ಟಿದ ಒಂದೊಂದು ಭಾಗವೂ ಬಲಿತ ಕೂಡಲೇ ಬೇರೆಯಾಗಿ ಹೊರಟಿತು. ಹೀಗೆ ಬೇರೆಯಾದದ್ದರಿಂದ ನಾಡಿಗೆ ಲಾಭವಾಗಿದೆ ಎಂದು ನಾನು ನಂಬುತ್ತೇನೆ. ಬೇರೆಮಾಡುವಾಗ ಲೆಕ್ಕ ಹಾಕಿದ ರೀತಿ ಮಾತ್ರ ಸರಿಯಿರಲಿಲ್ಲ. ಆ ಲೆಕ್ಕದ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಈ ಬರಹದ ಕೆಲಸ.

ಮದರಾಸಿನ ಪ್ರಶ್ನೆಪತ್ರಿಕೆ

ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿದ್ದು 1857ರಲ್ಲಿ, ಕಲ್ಕತ್ತ ಮತ್ತು ಮುಂಬಯಿಗಳ ಜೊತೆಗೆ. ಮೈಸೂರು ಸಂಸ್ಥಾನದ ಕಾಲೇಜುಗಳು, ಮುಖ್ಯವಾಗಿ ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು, ಅದರ ಅಧೀನದಲ್ಲಿದ್ದವು. ಆ ಕಾಲದ ವಿಶ್ವವಿದ್ಯಾನಿಲಯಗಳ ಮುಖ್ಯ ಕೆಲಸ ಪರೀಕ್ಷೆ ನಡೆಸುವುದು. ಪಠ್ಯ ನಿಗದಿಯಾಗುತ್ತಿದ್ದುದು ಮದರಾಸಿನಲ್ಲಿ, ಪದವಿ ಸಿಗುತ್ತಿದ್ದುದೂ ಅಲ್ಲೇ. ಸಂಸ್ಥಾನದ ಖಜಾನೆಯಿಂದ ಕಾಲೇಜು ಕಟ್ಟಿ, ಪ್ರಾಧ್ಯಾಪಕರಿಗೆ ಸಂಬಳ ಕೊಟ್ಟರೂ ಏನು ಕಲಿಸಬೇಕೆಂದು ತೀರ್ಮಾನಿಸುವ ಅಧಿಕಾರ ಸಂಸ್ಥಾನಕ್ಕೆ ಇರಲಿಲ್ಲ.

1911ರ ಜನಗಣತಿಯ ಪ್ರಕಾರ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷ. ಅದೇ ವರ್ಷ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಮರುವರ್ಷ ಎಂ. ವಿಶ್ವೇಶ್ವರಯ್ಯನವರು ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ: ಇವೆಲ್ಲ ಐದಾರು ವರ್ಷಗಳ ಒಂದೇ ಉತ್ಸಾಹದಲ್ಲಿ ಹುಟ್ಟಿದವು. ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರೇ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಆದರು. ಕನ್ನಡದ ಕೆಲಸ, ಉನ್ನತ ಶಿಕ್ಷಣದ ಕೆಲಸ ಎರಡೂ ಒಬ್ಬರ ಕೈಯಲ್ಲಿದ್ದದ್ದು ಮುಂದಿನ ದಾರಿಯ ಮೇಲೂ ಪರಿಣಾಮ ಬೀರಿರಬೇಕು ಎಂದು ನನಗನ್ನಿಸುತ್ತದೆ.

ಕಾನೂನು ಮಾಡುವ ಮೊದಲು ಸರ್ಕಾರ ಹೋಂವರ್ಕ್ ಮಾಡಿತ್ತು. ಸಿ.ಆರ್. ರೆಡ್ಡಿ ಮತ್ತು ತಾಮಸ್ ಡೆನ್‌ಹ್ಯಾಮ್ ಅವರಿಗೆ ಹೊರದೇಶಗಳ ವಿಶ್ವವಿದ್ಯಾನಿಲಯಗಳ ಅಧ್ಯಯನವನ್ನು ಒಪ್ಪಿಸಿ ವರದಿ ತರಿಸಿಕೊಂಡಿತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್ ಮಾತ್ರವಲ್ಲ, ಸಂಶೋಧನೆಗೆ ಹೆಸರಾದ ಅಮೆರಿಕದ ಶಿಕಾಗೊ, ಕ್ಯಾಂಪಸ್ಸಿನ ಆಚೆಗಿನ ಜನರಿಗೆ ಪಾಠ ಮುಟ್ಟಿಸುವುದಕ್ಕೆ ಹೆಸರಾದ ವಿಸ್ಕಾನ್ಸಿನ್ ಕೂಡ ಕಣ್ಣಮುಂದೆ ಇದ್ದವು. ವಿಸ್ಕಾನ್ಸಿನ್ ಮಾದರಿಯ ಈ ಒಂದು ಎಳೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಹದಿನೇಳು ವರ್ಷಗಳ ನಂತರ ಅದು ಹಳ್ಳಿಗಳಲ್ಲಿ ಕಾಣಿಸಿಕೊಂಡಿತು.

1916ರ ಜುಲೈ 27ರಂದು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು. ದೇಶದಲ್ಲಿ ಆರನೆಯದು, ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಮೊದಲನೆಯದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿಗಳು. ಅದೇ ವರ್ಷ ಶುರುವಾದ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಮೊದಲ ಕುಲಾಧಿಪತಿಗಳೂ ಅವರೇ. ಮೊದಲ ಘಟಿಕೋತ್ಸವ ನಡೆದದ್ದು 1918ರ ಅಕ್ಟೋಬರಿನಲ್ಲಿ.

ಎರಡು ಊರಿನ ಸಂಸಾರ

ಮೈಸೂರಿನಲ್ಲಿ ಕಲೆ, ಬೆಂಗಳೂರಿನಲ್ಲಿ ವಿಜ್ಞಾನ. ಮೊದಲ ಹಂಚಿಕೆ ಇಷ್ಟು ಸರಳ. ಮಹಾರಾಜಾ ಕಾಲೇಜು ಮಾನವಿಕಗಳನ್ನು ಹೊತ್ತಿತು, ಸೆಂಟ್ರಲ್ ಕಾಲೇಜು ವಿಜ್ಞಾನವನ್ನು ಹೊತ್ತಿತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 1924ರಲ್ಲಿ ಬೆಂಗಳೂರಿನಲ್ಲೇ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದು ನೆಲೆಸಿತು. ಎರಡು ಊರಿನ ಈ ವ್ಯವಸ್ಥೆಯಲ್ಲೇ ಮುಂದಿನ ಮೊದಲ ಒಡಕಿನ ಗೆರೆಯೂ ಇತ್ತು. ಅದು ಕಾಣಲು ನಲವತ್ತೆಂಟು ವರ್ಷ ಬೇಕಾಯಿತು.

ಮೊದಲ ಕಾಲದ ದೊಡ್ಡತನ ಇದ್ದದ್ದು ಯಾರನ್ನು ಕರೆತಂದರು ಎಂಬುದರಲ್ಲಿ. 1918ರಲ್ಲಿ ಮೂವತ್ತರ ಆಸುಪಾಸಿನ ಸರ್ವಪಲ್ಲಿ ರಾಧಾಕೃಷ್ಣನ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಮಹಾರಾಜಾ ಕಾಲೇಜಿಗೆ ಬಂದರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದ ಕಥೆ ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಅದೇ ಕಾಲಕ್ಕೆ ಕಲ್ಕತ್ತೆಯಿಂದ ಬ್ರಜೇಂದ್ರನಾಥ ಸೀಲ್ ಕುಲಪತಿಗಳಾಗಿ ಇಲ್ಲಿಗೆ ಬಂದರು. ಸಂಸ್ಥಾನದ ಆಡಳಿತ ಸುಧಾರಣೆಯ ಸಮಿತಿಗೂ ಅವರೇ ಅಧ್ಯಕ್ಷರಾದರು. ಎಂ. ಹಿರಿಯಣ್ಣನವರು ಪಾಠ ಹೇಳುತ್ತಿದ್ದ ಕಾಲೇಜು ಅದು. ಆರ್.ಕೆ. ನಾರಾಯಣ್, ಎಂ.ಎನ್. ಶ್ರೀನಿವಾಸ್ ಓದಿದ್ದೂ ಅಲ್ಲೇ.

ಆದರೆ ಸಾರೋಟಿನ ಕಥೆ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಪದವಿ ಪಡೆದು ಸರ್ಕಾರಿ ಹುದ್ದೆಗೆ ಹೋಗುತ್ತಿದ್ದವರಲ್ಲಿ ಬ್ರಾಹ್ಮಣರೇ ಬಹುಪಾಲು. ಇದನ್ನು ಹಿಂದುಳಿದ ಸಮುದಾಯಗಳ ಮುಖಂಡರು ಎತ್ತಿ ಹೇಳಿದ್ದರಿಂದ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ರಚನೆಯಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಎಂಬುದು ಸಮಿತಿಯ ಶಿಫಾರಸು. ಈ ಕ್ರಮವನ್ನು ಒಪ್ಪದ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ವಿಶ್ವವಿದ್ಯಾನಿಲಯ ಕಟ್ಟಿದವರಿಗೂ ಅದು ಯಾರಿಗಾಗಿ ಎಂದು ಕೇಳಿದವರಿಗೂ ನಡೆದ ಈ ಜಗಳ ಹುಟ್ಟಿನ ಚರಿತ್ರೆಯ ಒಳಗಿನದೇ. ಸಾರ್ವಜನಿಕ ವಿಶ್ವವಿದ್ಯಾನಿಲಯ ಎಂಬ ಮಾತಿಗೆ ಅರ್ಥ ಬಂದದ್ದು ಆ ಪ್ರಶ್ನೆಯಿಂದಲೇ ಎಂದು ನಾನು ಭಾವಿಸಿದ್ದೇನೆ. ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯ ಹುಡುಗನೊಬ್ಬ ಮಹಾರಾಜಾ ಕಾಲೇಜಿಗೆ ಬಂದು ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾಗಲು ಸಾಧ್ಯವಾದ ನಾಡು ತಾನಾಗಿ ಆದದ್ದಲ್ಲ.

ಮೂರು ಅಂಗ

ಆ ಹುಡುಗ ಕೆ.ವಿ. ಪುಟ್ಟಪ್ಪ. 1927ರಲ್ಲಿ ಬಿ.ಎ. ಮುಗಿಸಿದರು. ಕನ್ನಡ ಎಂ.ಎ. ತರಗತಿ ಆರಂಭವಾದದ್ದೂ ಅದೇ ವರ್ಷ, ಬಿ.ಎಂ. ಶ್ರೀಕಂಠಯ್ಯನವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದಾಗ. 1929ರಲ್ಲಿ ಎಂ.ಎ. ಮುಗಿಸಿ ಅಲ್ಲೇ ಅಧ್ಯಾಪಕರಾದ ಪುಟ್ಟಪ್ಪನವರು 1955ರಲ್ಲಿ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರು, 1956ರಲ್ಲಿ ಕುಲಪತಿಗಳು. ಇಲ್ಲಿಯೇ ಓದಿ ಕುಲಪತಿಯಾದವರಲ್ಲಿ ಅವರೇ ಮೊದಲಿಗರು.

ವಿಶ್ವವಿದ್ಯಾನಿಲಯಕ್ಕೆ ಮೂರು ಅಂಗ ಎಂದು ಕುವೆಂಪು ಹೇಳಿದರು: ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗ. ಕೇಳಲು ಸರಳವಾದ ಈ ವಿಂಗಡಣೆಯೇ ಮುಂದಿನ ಎಪ್ಪತ್ತು ವರ್ಷಗಳ ಕಥೆ ಬಿಡಿಸಿಕೊಳ್ಳಲು ಬೇಕಾದ ಕೀಲಿ. ಆದ್ದರಿಂದ ಒಂದೊಂದನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ.

ಪ್ರಸಾರಾಂಗದಿಂದ ಶುರುಮಾಡುತ್ತೇನೆ. ಅದರ ಬೀಜ 1933ರ ಪ್ರಚಾರೋಪನ್ಯಾಸಗಳಲ್ಲಿದೆ. ಪ್ರಾಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುವುದು, ಆಮೇಲೆ ಅದೇ ಉಪನ್ಯಾಸವನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕುವುದು. ಒಂದು ಹೊತ್ತಿಗೆಗೆ ಒಂದೇ ವಿಷಯ. ಜೇಬಿಗೆ ಹಿಡಿಯುವ ಗಾತ್ರ, ಎಲ್ಲರ ಕೈಗೆಟುಕುವ ಬೆಲೆ. ಆರೋಗ್ಯ, ವಿಜ್ಞಾನ, ಚರಿತ್ರೆ, ಸಾಹಿತ್ಯ ಎಲ್ಲವೂ ಅದರಲ್ಲಿ ಬಂದವು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳಿ ಅಭ್ಯಾಸವಾದ ಮೇಷ್ಟ್ರು, ಎಂದೂ ಕಾಲೇಜು ಮೆಟ್ಟಿಲು ಹತ್ತದ ರೈತನಿಗೆ ತನ್ನ ಶಾಸ್ತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಹಾಗೆ ಹೇಳುವಾಗಲೇ ಕನ್ನಡದಲ್ಲಿ ವಿಜ್ಞಾನದ ಮಾತು ಬೆಳೆಯಿತು. 1946ರಲ್ಲಿ ಹೊರಬಂದ ಇಂಗ್ಲಿಷ್-ಕನ್ನಡ ನಿಘಂಟು, 1969ರಲ್ಲಿ ಮೊದಲ ಸಂಪುಟ ಕಂಡ ಕನ್ನಡ ವಿಶ್ವಕೋಶ ಎರಡಕ್ಕೂ ಇದೇ ನೆಲ. ವಿಶ್ವಕೋಶ ಹದಿನಾಲ್ಕು ಸಂಪುಟ ಮುಗಿಸುವ ಹೊತ್ತಿಗೆ ಶತಮಾನವೇ ಬದಲಾಗಿತ್ತು. 2014ರಲ್ಲಿ ಅದರ ಕೆಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಇವತ್ತು ಅಂತರ್ಜಾಲದಲ್ಲಿ ಕನ್ನಡದಲ್ಲಿ ಮಾಹಿತಿ ಹುಡುಕುವ ಯಾರಿಗಾದರೂ ಆ ನಿರ್ಧಾರದಿಂದ ಉಪಕಾರವಾಗಿದೆ. ಇದಕ್ಕಾಗಿ ಮೈಸೂರಿಗೆ ನಾವು ಸಾಕಷ್ಟು ಕೃತಜ್ಞತೆ ಹೇಳಿಲ್ಲ.

ಸಂಶೋಧನಾಂಗಕ್ಕೆ ಒಂದೇ ಉದಾಹರಣೆ ಸಾಕು, ಓರಿಯಂಟಲ್ ಲೈಬ್ರರಿ, ಅಂದರೆ ಇಂದಿನ ಓರಿಯಂಟಲ್ ಸಂಶೋಧನಾಲಯ. 1887ರಲ್ಲಿ ಬುನಾದಿ ಬಿದ್ದ ಈ ಸಂಸ್ಥೆ 1916ರಲ್ಲಿ ವಿಶ್ವವಿದ್ಯಾನಿಲಯದ ಸುಪರ್ದಿಗೆ ಬಂತು. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು ಇಲ್ಲಿಂದಲೇ. ಅಂಥ ಕೃತಿ ಸಿಕ್ಕ ದಿನದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದನ್ನು ಉಳಿಸಿಕೊಳ್ಳುವ ದಿನನಿತ್ಯದ ಕೆಲಸದ ಬಗ್ಗೆ ಬರೆಯುವವರು ಕಡಿಮೆ. ಒಂದು ಓಲೆಕಟ್ಟು ಬಿಚ್ಚಿದರೆ ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಂದೊಂದೇ ಗರಿಯ ಧೂಳು ತೆಗೆಯಬೇಕು. ಅಂಟಿಕೊಂಡ ಗರಿಗಳನ್ನು ಅವಸರ ಮಾಡದೆ ಬಿಡಿಸಬೇಕು, ಎಳೆದರೆ ಅಂಚು ಮುರಿಯುತ್ತದೆ. ಕಂಟ ಎಂಬ ಕಬ್ಬಿಣದ ಕಡ್ಡಿಯಿಂದ ಕೊರೆದ ಅಕ್ಷರಗಳಿಗೆ ಬಣ್ಣವಿರುವುದಿಲ್ಲ. ಮಸಿ ಸವರಿ ಒರೆಸಿದಾಗ ಗೀರಿನೊಳಗೆ ಉಳಿದ ಕಪ್ಪಿನಿಂದ ಸಾಲು ಎದ್ದು ಕಾಣುತ್ತದೆ. ಹುಳು ಹತ್ತದಂತೆ, ಗರಿ ಒಣಗಿ ಸೀಳದಂತೆ ನಿಂಬೆಹುಲ್ಲಿನ ಜಾತಿಯ ಎಣ್ಣೆ ಹಚ್ಚಬೇಕು. ಆಮೇಲೆ ಗರಿಗಳನ್ನು ಎಣಿಸಿ, ತೂತಿಗೆ ದಾರ ಪೋಣಿಸಿ, ಎರಡು ಹಲಗೆಯ ನಡುವೆ ಇಟ್ಟು, ಬಟ್ಟೆ ಸುತ್ತಿ, ಚೀಟಿ ಕಟ್ಟಿ ಕಪಾಟಿಗೆ ಸೇರಿಸಬೇಕು. ಕೆಲವು ವರ್ಷ ಕಳೆದ ಮೇಲೆ ಮತ್ತೆ ಇದೇ ಕೆಲಸ. ಈ ಕೆಲಸಕ್ಕೆ ಶುಲ್ಕ ಕಟ್ಟುವ ವಿದ್ಯಾರ್ಥಿ ಇಲ್ಲ, ಪರೀಕ್ಷೆ ಇಲ್ಲ, ಇದರಿಂದ ಬರುವ ವರಮಾನ ಹೆಚ್ಚುಕಡಿಮೆ ಸೊನ್ನೆ. ಗ್ರಂಥಲಿಪಿ, ತಿಗಳಾರಿ, ನಂದಿನಾಗರಿಯಂಥ ಹಳೆಯ ಲಿಪಿಗಳನ್ನು ಓದಬಲ್ಲ ಒಬ್ಬರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಲು ವರ್ಷಗಟ್ಟಲೆ ಹಿಡಿಯುತ್ತದೆ.

ಇನ್ನು ಬೋಧನಾಂಗ. ಇದರಲ್ಲಿ ಎರಡು ಪದರ. ಒಂದು, ವಿಶ್ವವಿದ್ಯಾನಿಲಯವೇ ನಡೆಸುವ ಸ್ನಾತಕೋತ್ತರ ವಿಭಾಗಗಳು. ಕುವೆಂಪು ಇವನ್ನು ಕುಕ್ಕರಹಳ್ಳಿ ಕೆರೆಯ ಪಕ್ಕದ ವಿಶಾಲ ಜಾಗಕ್ಕೆ ತಂದು 1960ರಲ್ಲಿ ಮಾನಸಗಂಗೋತ್ರಿ ಎಂದು ಕರೆದರು. ಎರಡು, ಹೊರಗಿನ ಸಂಯೋಜಿತ ಕಾಲೇಜುಗಳು, ಅಂದರೆ ಪಾಠ ತಾವೇ ನಡೆಸಿ ಪರೀಕ್ಷೆ, ಪದವಿಗೆ ವಿಶ್ವವಿದ್ಯಾನಿಲಯವನ್ನು ಅವಲಂಬಿಸಿದವು. ಹಣದ ವಿಷಯ ಬಂದಾಗ ಎರಡನೆಯ ಪದರವೇ ಮುಖ್ಯ, ಅದನ್ನು ಮುಂದೆ ಹೇಳುತ್ತೇನೆ.

ಕುವೆಂಪು ನಂತರದ ಹದಿನೈದು ವರ್ಷ ಮೂರು ಅಂಗಗಳೂ ಒಟ್ಟಿಗೆ ಬಲಿತ ಕಾಲ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬಂತು. ದೇ. ಜವರೇಗೌಡರು ಅದನ್ನು ಕಟ್ಟಿ, 1969ರಲ್ಲಿ ಕುಲಪತಿಗಳೂ ಆದರು. ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳ ಪರಿಷ್ಕೃತ ಮುದ್ರಣ 1972ರಿಂದ ಹೊರಬರತೊಡಗಿತು. 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುವಾಗಿ, ಕೆಲಸದಲ್ಲಿದ್ದುಕೊಂಡೇ ಪದವಿ ಮಾಡಲು ಸಾವಿರಾರು ಜನರಿಗೆ ದಾರಿಯಾಯಿತು. ರಾತ್ರಿ ಮನೆಯಲ್ಲಿ ಓದಿ ಪದವಿ ಪಡೆದ ಗುಮಾಸ್ತರು, ಪ್ರಾಥಮಿಕ ಶಾಲೆಯ ಶಿಕ್ಷಕಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ.

ಒಂದೊಂದಾಗಿ ಬೇರೆ

1956ರ ಏಕೀಕರಣದ ನಂತರ ಮದರಾಸು ವಿಶ್ವವಿದ್ಯಾನಿಲಯದ ಕೆಳಗಿದ್ದ ದಕ್ಷಿಣ ಕನ್ನಡದ ಕಾಲೇಜುಗಳು, ಕೊಡಗಿನವು ಮೈಸೂರಿನ ತೆಕ್ಕೆಗೆ ಬಂದವು. ಉತ್ತರಕ್ಕೆ 1949ರಲ್ಲೇ ಹುಟ್ಟಿದ್ದ ಕರ್ನಾಟಕ ವಿಶ್ವವಿದ್ಯಾನಿಲಯ ಧಾರವಾಡದಲ್ಲಿತ್ತು. ಮೈಸೂರಿನ ಹರವು ಅತ್ಯಂತ ದೊಡ್ಡದಾಗಿದ್ದುದು ಆಗಲೇ.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಯಿತು. ಸೆಂಟ್ರಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎರಡೂ ಹೋದವು. ಎರಡು ಊರಿನ ಸಂಸಾರದ ಒಂದು ಊರು ಪೂರ್ತಿಯಾಗಿ ಹೊರಟಂತಾಯಿತು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದು ಕೃಷಿ ಶಿಕ್ಷಣವೂ ಹೊರಗಾಯಿತು. ಕೊಣಾಜೆಯಲ್ಲಿ ಮೈಸೂರು 1968ರಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ. ಶಿವಮೊಗ್ಗ ಜಿಲ್ಲೆಯ ಬಿ.ಆರ್. ಪ್ರಾಜೆಕ್ಟಿನ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ. 1996ರಲ್ಲಿ ಎರಡು ಪೆಟ್ಟು: ಅಂಚೆ ತೆರಪಿನ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು, ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದವು. 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬಂದು ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಅತ್ತ ಹೋದವು. ಮೈಸೂರು ನಗರದಲ್ಲೇ ಇರುವ ಎನ್‌ಐಇ, ಎಸ್‌ಜೆಸಿಇ ಕೂಡ ಮೈಸೂರಿನವಾಗಿ ಉಳಿಯಲಿಲ್ಲ.

ಇದರಲ್ಲಿ ವಿದ್ಯಾರ್ಥಿಗೆ ಆದ ಲಾಭವನ್ನು ಕಡೆಗಣಿಸಬಾರದು. ಅಂಕಪಟ್ಟಿಯಲ್ಲಿ ಹೆಸರಿನ ಕಾಗುಣಿತ ತಪ್ಪಿದ್ದಕ್ಕೆ ಸುಳ್ಯದಿಂದ ಘಟ್ಟ ಹತ್ತಿ ಮೈಸೂರಿಗೆ ಬಂದು, ಕೌಂಟರಿನ ಮುಂದೆ ನಿಂತು, ಸಂಬಂಧಪಟ್ಟ ಗುಮಾಸ್ತರು ಇಲ್ಲವೆಂದು ತಿಳಿದು, ರಾತ್ರಿ ಬಸ್ಸಿಗೆ ವಾಪಸ್ ಹೋಗುವುದು ಸಣ್ಣ ಕಷ್ಟವಲ್ಲ. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳ ಅಧ್ಯಯನಕ್ಕೆ ಸಿಕ್ಕ ಜಾಗ ಮೈಸೂರಿನಲ್ಲಿ ಕೂತು ಸಿಗುತ್ತಿರಲಿಲ್ಲ. ಸಾಗರಶಾಸ್ತ್ರವನ್ನು ಸಮುದ್ರದ ಹತ್ತಿರವೇ ಕಲಿಸಬೇಕು. ಮಲೆನಾಡಿನ ಮಕ್ಕಳಿಗೆ ಕುವೆಂಪು ವಿಶ್ವವಿದ್ಯಾನಿಲಯವಿರುವ ಶಂಕರಘಟ್ಟ ಹತ್ತಿರ. ದೂರ ಕಡಿಮೆಯಾದಾಗ ಓದು ಮುಂದುವರಿಸುವ ಹೆಣ್ಣುಮಕ್ಕಳು ಹೆಚ್ಚಾಗುತ್ತಾರೆ, ಇದನ್ನು ಯಾವ ಊರಿನ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ಮೈಸೂರು ಒಡೆಯಬಾರದಿತ್ತು ಎನ್ನುವವರ ಜೊತೆ ನಾನಿಲ್ಲ.

ಲೆಕ್ಕ ತಪ್ಪಿದ್ದೆಲ್ಲಿ

ಒಂದು ಸಂಯೋಜಿತ ಕಾಲೇಜಿನ ಒಂದು ವರ್ಷವನ್ನು ನೋಡಿ. ಹೊಸ ಕೋರ್ಸಿಗೆ ಅರ್ಜಿ ಹಾಕಿದರೆ ಅರ್ಜಿ ಶುಲ್ಕ. ಸ್ಥಳ ಪರಿಶೀಲನೆಗೆ ಸಮಿತಿ ಬರುತ್ತದೆ, ಕೊಠಡಿ, ಗ್ರಂಥಾಲಯ, ಪ್ರಯೋಗಾಲಯ ನೋಡಿ ವರದಿ ಬರೆಯುತ್ತದೆ. ಸಂಯೋಜನೆ ಸಿಕ್ಕರೆ ಅದಕ್ಕೆ ಶುಲ್ಕ, ಮುಂದುವರಿಕೆಗೆ ಮತ್ತೆ ಶುಲ್ಕ. ಪ್ರವೇಶ ಮುಗಿದ ಮೇಲೆ ಪ್ರತಿ ವಿದ್ಯಾರ್ಥಿಯ ನೋಂದಣಿ ಶುಲ್ಕ, ಬೇರೆ ಕಡೆಯಿಂದ ಬಂದವರಾದರೆ ಅರ್ಹತಾ ಪತ್ರದ ಶುಲ್ಕ. ಪ್ರತಿ ಸೆಮಿಸ್ಟರಿಗೆ ಪರೀಕ್ಷಾ ಶುಲ್ಕ, ತಡವಾದರೆ ದಂಡ, ಮರುಮೌಲ್ಯಮಾಪನಕ್ಕೆ ಬೇರೆ. ಕೊನೆಗೆ ಘಟಿಕೋತ್ಸವದ ಶುಲ್ಕ. ಒಬ್ಬ ವಿದ್ಯಾರ್ಥಿಯಿಂದ ಬರುವುದು ಚಿಕ್ಕ ಮೊತ್ತ, ಸಾವಿರಾರು ವಿದ್ಯಾರ್ಥಿಗಳಿಂದ ಸೇರಿದರೆ ಅದೇ ವಿಶ್ವವಿದ್ಯಾನಿಲಯದ ಆಂತರಿಕ ಸಂಪನ್ಮೂಲ. ಸರ್ಕಾರದ ಅನುದಾನ ಎಲ್ಲ ಖರ್ಚಿಗೂ ಸಾಲದೆ ಹೋದಾಗ ಉಳಿದದ್ದನ್ನು ತುಂಬುವುದು ಈ ಹಣ. ತಾಳೆಗರಿಗೆ ಎಣ್ಣೆ ಹಚ್ಚುವವರ ಸಂಬಳ, ವಿಶ್ವಕೋಶದ ಕಾಗದ, ಹಳೆಯ ಅರಮನೆಯ ಚಾವಣಿ ದುರಸ್ತಿ ಇವಕ್ಕೆಲ್ಲ ಬೇರೆ ಎಲ್ಲಿಂದಲೋ ಹಣ ಬರಬೇಕು, ಅವು ತಾವಾಗಿ ದುಡಿಯುವುದಿಲ್ಲ.

ಈಗ ಕುವೆಂಪು ಹೇಳಿದ ಮೂರು ಅಂಗಗಳನ್ನು ಇದರ ಪಕ್ಕ ಇಟ್ಟು ನೋಡಿ. ವಿಭಜನೆ ಆದಾಗಲೆಲ್ಲ ಹೊರಗೆ ಹೋದದ್ದು ಬೋಧನಾಂಗದ ವರಮಾನ ತರುವ ಭಾಗ: ಕಾಲೇಜುಗಳು, ಪರೀಕ್ಷೆಗಳು, ಅಂಚೆ ತೆರಪಿನ ಕೋರ್ಸುಗಳು. ಸಂಶೋಧನಾಂಗ, ಪ್ರಸಾರಾಂಗ ಎರಡೂ ಮೈಸೂರಿನಲ್ಲೇ ಉಳಿದವು. ಅವು ಇಡೀ ಕನ್ನಡನಾಡಿಗಾಗಿ ಹುಟ್ಟಿದ ಕೆಲಸಗಳು. ವಿಶ್ವಕೋಶ ಮೈಸೂರು ಜಿಲ್ಲೆಗೆ ಮಾತ್ರ ಬರೆದದ್ದಲ್ಲ, ಶಾಸನ ಸಂಪುಟಗಳಲ್ಲಿ ಶಿವಮೊಗ್ಗದ್ದೂ ಕೋಲಾರದ್ದೂ ಇವೆ. ಕೆಲಸದ ಹರವು ನಾಡಿನಷ್ಟೇ ದೊಡ್ಡದಾಗಿ ಉಳಿಯಿತು, ಅದಕ್ಕೆ ಹಣ ತರುವ ಹರವು ಮಾತ್ರ ಕಿರಿದಾಗುತ್ತ ಬಂತು.

ಇದರ ಮೇಲೆ ಪಿಂಚಣಿ. ಕೇಂದ್ರವೊಂದು ಬೇರೆ ವಿಶ್ವವಿದ್ಯಾನಿಲಯವಾದಾಗ ಅಲ್ಲಿ ಆಗ ಕೆಲಸದಲ್ಲಿರುವವರು ಹೊಸ ಸಂಸ್ಥೆಗೆ ಸೇರಬಹುದು. ಮೈಸೂರು ನಾಡಿನ ಅರ್ಧಭಾಗಕ್ಕೆ ಪರೀಕ್ಷೆ ನಡೆಸುತ್ತಿದ್ದ ಕಾಲದಲ್ಲಿ ನೇಮಕವಾಗಿ ನಿವೃತ್ತರಾದ ಪ್ರಾಧ್ಯಾಪಕರು, ಗುಮಾಸ್ತರು, ಜವಾನರು ಮಾತ್ರ ಮೈಸೂರಿನ ಲೆಕ್ಕದಲ್ಲೇ ಇದ್ದಾರೆ. ನೂರು ವರ್ಷ ದಾಟಿದ ಸಂಸ್ಥೆಗೆ ನಿವೃತ್ತರ ಸಾಲು ಉದ್ದವಾಗಿರುವುದು ಸಹಜ. ಅವರ ಪಿಂಚಣಿ ಹೊಂದಿಸಲು ಆಂತರಿಕ ಸಂಪನ್ಮೂಲಕ್ಕೆ ಕೈಹಾಕಬೇಕಾಗಿ ಬಂದು, ಸರ್ಕಾರವೇ ಈ ಹೊರೆ ಹೊರಬೇಕೆಂದು ವಿಶ್ವವಿದ್ಯಾನಿಲಯ ಮತ್ತೆ ಮತ್ತೆ ಕೇಳಿಕೊಂಡಿದೆ. ಅತ್ತ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ, ಪಾಠ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಪಿಎಚ್‌ಡಿ ಮಾಡಿ, ಅರ್ಹತಾ ಪರೀಕ್ಷೆ ಪಾಸಾಗಿ, ವರ್ಷದಿಂದ ವರ್ಷಕ್ಕೆ ಮುಂದುವರಿಕೆಯ ಆದೇಶಕ್ಕೆ ಕಾಯುವವರು ಇವರು. ರಾಧಾಕೃಷ್ಣನ್ ಅವರನ್ನು ಕರೆತಂದ ವಿಶ್ವವಿದ್ಯಾನಿಲಯದಲ್ಲಿ ಹೊಸಬರನ್ನು ಕಾಯಂ ಆಗಿ ಕರೆಯುವ ಶಕ್ತಿ ಬತ್ತಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಿನ ಸಂಗತಿ.

ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಪಂಚರು ಕೂತು ಪಾಲುಪಟ್ಟಿ ಬರೆಯುತ್ತಾರೆ. ಅದರಲ್ಲಿ ಹೊಲ, ಮನೆ, ದನಗಳ ಜೊತೆ ಸಾಲವೂ ಪಾಲಾಗುತ್ತದೆ, ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಎಂಬುದೂ ದಾಖಲಾಗುತ್ತದೆ. ವಿಶ್ವವಿದ್ಯಾನಿಲಯಗಳನ್ನು ಬೇರೆ ಮಾಡಿದಾಗ ಜಿಲ್ಲೆ, ಕಾಲೇಜು, ಕಟ್ಟಡಗಳನ್ನು ಹಂಚಿದೆವು. ಋಣದ ಸಾಲು ಪಟ್ಟಿಗೆ ಸೇರಲೇ ಇಲ್ಲ.

2023 ಮತ್ತು ಆಮೇಲೆ

ಹಳೆಯ ವಿಭಜನೆಗಳಲ್ಲಿ ಒಂದು ಸಮಾಧಾನವಿತ್ತು. ಹೊಸ ವಿಶ್ವವಿದ್ಯಾನಿಲಯಕ್ಕೆ ನೂರಾರು ಎಕರೆ ಜಾಗ, ಹೊಸ ಹುದ್ದೆ, ಕಟ್ಟಡಕ್ಕೆ ಹಣ ಸಿಗುತ್ತಿತ್ತು. ಬೆಂಗಳೂರಿನ ಜ್ಞಾನಭಾರತಿ, ಕೊಣಾಜೆಯ ಮಂಗಳಗಂಗೋತ್ರಿ, ಶಂಕರಘಟ್ಟದ ಜ್ಞಾನಸಹ್ಯಾದ್ರಿ ಹಾಗೆ ಬೆಳೆದವು. ತಾಯಿಗೆ ನಷ್ಟವಾದರೂ ಮಗುವಿಗೆ ನಿಲ್ಲುವ ಶಕ್ತಿ ಬಂತು.

2023ರಲ್ಲಿ ರಾಜ್ಯದಲ್ಲಿ ಹೊಸ ವಿಶ್ವವಿದ್ಯಾನಿಲಯಗಳು ಒಮ್ಮೆಗೇ ಉದ್ಘಾಟನೆಯಾದವು. ಚಾಮರಾಜನಗರ ಮತ್ತು ಹಾಸನದ ಸ್ನಾತಕೋತ್ತರ ಕೇಂದ್ರಗಳು ವಿಶ್ವವಿದ್ಯಾನಿಲಯಗಳಾದವು. ಅದಕ್ಕೂ ಮೊದಲೇ ಏಕೀಕೃತ, ಅಂದರೆ ಸಂಯೋಜಿತ ಕಾಲೇಜುಗಳಿಲ್ಲದ, ವಿಶ್ವವಿದ್ಯಾನಿಲಯವಾಗಿದ್ದ ಮಂಡ್ಯಕ್ಕೆ ಆ ಜಿಲ್ಲೆಯ ಕಾಲೇಜುಗಳು ಸೇರಿದವು. ನಾಲ್ಕು ಜಿಲ್ಲೆಯ ಮೈಸೂರು ಒಂದು ಜಿಲ್ಲೆಗೆ ಇಳಿಯಿತು. ಈ ಸಲ ಹೊಸಬರ ಕೈಗೂ ಹೆಚ್ಚೇನೂ ಬರಲಿಲ್ಲ. ಇದ್ದ ಕೇಂದ್ರ, ಇದ್ದ ಸಿಬ್ಬಂದಿ, ಇದ್ದ ಕಟ್ಟಡದಲ್ಲೇ ಕುಲಪತಿ, ಕುಲಸಚಿವರ ಕಚೇರಿ ತೆರೆಯಬೇಕಾಯಿತು. ತಾಯಿಯೂ ಬಡವಾಗಿ ಮಗುವಿಗೂ ಬಲ ಬಾರದ ವಿಭಜನೆ ಇದೊಂದೇ.

2025ರ ಆರಂಭದಲ್ಲಿ ಉಪಮುಖ್ಯಮಂತ್ರಿ ನೇತೃತ್ವದ ಸಚಿವ ಸಂಪುಟ ಉಪಸಮಿತಿ ಹೊಸದಾದ ಹತ್ತರಲ್ಲಿ ಒಂಬತ್ತನ್ನು ಮುಚ್ಚಿ ಹಳೆಯವುಗಳಲ್ಲಿ ವಿಲೀನ ಮಾಡುವ ಮಾತನ್ನು ಮುಂದಿಟ್ಟಿತು. ಆರ್ಥಿಕವಾಗಿ ಇವು ನಡೆಯುವುದು ಕಷ್ಟ ಎಂಬುದೇ ಕಾರಣ. ಆಯಾ ಜಿಲ್ಲೆಗಳಲ್ಲಿ ವಿದ್ಯಾರ್ಥಿಗಳು, ಜನಪ್ರತಿನಿಧಿಗಳು ವಿರೋಧಿಸಿದರು. ಆ ವಿರೋಧ ನನಗೆ ಅರ್ಥವಾಗುತ್ತದೆ. ಚಾಮರಾಜನಗರದಂಥ ಜಿಲ್ಲೆಯಲ್ಲಿ, ಸೋಲಿಗರ ಹಾಡಿಯ ಹುಡುಗಿಯೊಬ್ಬಳು ಎಂ.ಎ.ಗೆ ಸೇರುವ ದೂರದಲ್ಲಿ ವಿಶ್ವವಿದ್ಯಾನಿಲಯ ಇರುವುದು ದೊಡ್ಡ ವಿಷಯ. ಆದರೆ ಅವಳಿಗೆ ಬೇಕಾದದ್ದು ಅಲ್ಲಿ ಪಾಠ ಹೇಳುವ ಕಾಯಂ ಅಧ್ಯಾಪಕರು, ಹಾಸ್ಟೆಲ್, ಗ್ರಂಥಾಲಯ. ಕುಲಪತಿಯ ಹುದ್ದೆಯೊಂದು ಬಂದ ಮಾತ್ರಕ್ಕೆ ಇವು ಬರುವುದಿಲ್ಲ, ಆ ಹುದ್ದೆ ಹೋದ ಮಾತ್ರಕ್ಕೆ ಇವು ಹೋಗಬೇಕಾಗಿಯೂ ಇಲ್ಲ. ಸ್ನಾತಕೋತ್ತರ ಕೇಂದ್ರವಾಗಿದ್ದಾಗಲೂ ಅಲ್ಲಿ ಎಂ.ಎ. ತರಗತಿ ನಡೆಯುತ್ತಿತ್ತು. ಚರ್ಚೆ ಬೋರ್ಡಿನ ಮೇಲಿನ ಹೆಸರಿನ ಸುತ್ತಲೇ ಸುತ್ತುತ್ತಿರುವುದರಿಂದ ಈ ಮೂರು ಅಗತ್ಯಗಳು ಹಿಂದಕ್ಕೆ ಸರಿದಿವೆ.

ಒಡೆದರೂ ಕೂಡಿಸಿದರೂ ಮಾಡಬೇಕಾದ ಕೆಲಸ ಮಾತ್ರ ಒಂದೇ. ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ 2000ಕ್ಕೆ ತಿದ್ದುಪಡಿ ತಂದು ವ್ಯಾಪ್ತಿ ಬದಲಿಸುವಾಗಲೆಲ್ಲ, ಆ ದಿನದವರೆಗಿನ ಪಿಂಚಣಿ ಹೊಣೆ ಸರ್ಕಾರದ್ದು ಎಂದು ಅದೇ ತಿದ್ದುಪಡಿಯಲ್ಲಿ ಬರೆಯಬೇಕು. ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕರ ಪಿಂಚಣಿ ಖಜಾನೆಯಿಂದ ಹೋಗುತ್ತದೆ. ಸರ್ಕಾರದ ವಿಶ್ವವಿದ್ಯಾನಿಲಯದ ಅಧ್ಯಾಪಕರದ್ದು ವಿದ್ಯಾರ್ಥಿಯ ಪರೀಕ್ಷಾ ಶುಲ್ಕದಿಂದ ಹೋಗಬೇಕಾಗಿರುವುದಕ್ಕೆ ನ್ಯಾಯವಾದ ಕಾರಣ ನನಗೆ ಕಾಣುವುದಿಲ್ಲ. ಓರಿಯಂಟಲ್ ಸಂಶೋಧನಾಲಯ, ಪ್ರಸಾರಾಂಗ, ವಿಶ್ವಕೋಶ, ಜಾನಪದ ಸಂಗ್ರಹಾಲಯ ಇವು ಒಂದು ಜಿಲ್ಲೆಯ ಆಸ್ತಿಯಲ್ಲವಾದ್ದರಿಂದ ಇವಕ್ಕೆ ರಾಜ್ಯದ ಬಜೆಟ್ಟಿನಲ್ಲಿ ಬೇರೆ ಸಾಲು ಇರಬೇಕು, ಕಾಲೇಜುಗಳ ಸಂಖ್ಯೆ ಏರಿಳಿದಾಗ ಆ ಸಾಲು ಅಲುಗಬಾರದು. ಲಿಪಿ ಓದಬಲ್ಲವರ ಹುದ್ದೆಗಳನ್ನು ಮೊದಲು ತುಂಬಬೇಕು, ಏಕೆಂದರೆ ಆ ವಿದ್ಯೆ ತಿಳಿದ ಹಿರಿಯರು ಇರುವಾಗಲೇ ಕಿರಿಯರು ಅವರ ಪಕ್ಕ ಕೂತು ಕಲಿಯಬೇಕು.

ವಿಲೀನವೇ ಆಗುವುದಾದರೆ ಇನ್ನೊಂದು ಮಾತು. ಹಾಸನ, ಮಂಡ್ಯ, ಚಾಮರಾಜನಗರಗಳ ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶ ಪಡೆದು ಅರ್ಧ ಓದಿರುವ ವಿದ್ಯಾರ್ಥಿಗಳಿದ್ದಾರೆ, ಓದು ಮುಗಿಸಿ ಪದವಿ ಹಿಡಿದು ಕೆಲಸ ಹುಡುಕುತ್ತಿರುವವರೂ ಇದ್ದಾರೆ. ಉಳಿದ ಸೆಮಿಸ್ಟರುಗಳ ಪರೀಕ್ಷೆ ಯಾವ ಪಠ್ಯಕ್ರಮದಲ್ಲಿ, ಬಾಕಿ ಉಳಿದ ವಿಷಯಗಳನ್ನು ಯಾರ ಬಳಿ ಬರೆಯಬೇಕು, ಅಂಕಪಟ್ಟಿಯ ನಕಲು ಪ್ರತಿ ಇನ್ನು ಹತ್ತು ವರ್ಷದ ನಂತರ ಯಾವ ಕಚೇರಿಯಿಂದ ಸಿಗುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರ ವಿಲೀನದ ಆದೇಶದಲ್ಲೇ ಇರಬೇಕು. ಅದರ ಪ್ರತಿ ಮೊದಲ ದಿನವೇ ಪ್ರತಿ ಕಾಲೇಜಿನ ಸೂಚನಾ ಫಲಕಕ್ಕೆ ಬರಬೇಕು.